ಅಮೆರಿಕದ ಇತಿಹಾಸ ಪಾಠದಲ್ಲಿ ಬಿಟ್ಟುಹೋದ ಹನ್ನೆರಡು ವರ್ಷ

ಮಾನ್ಯ ಸಂಪಾದಕರೇ,

ಪದವಿ ಹಾಗೂ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ನಮ್ಮೂರಿನ ವಿದ್ಯಾರ್ಥಿಗಳ ಕೈಯಲ್ಲಿ ಓಡಾಡುವ ಟಿಪ್ಪಣಿಗಳನ್ನು ಈಚೆಗೆ ನೋಡಿದೆ. ಅವುಗಳಲ್ಲಿ ಅಮೆರಿಕದ ಇತಿಹಾಸವು 1776ರ ಸ್ವಾತಂತ್ರ್ಯ ಘೋಷಣೆ, 1861ರಿಂದ 1865ರವರೆಗಿನ ಅಂತರ್ಯುದ್ಧ, 1929ರ ಆರ್ಥಿಕ ಮಹಾಕುಸಿತ ಮತ್ತು ಎರಡನೇ ಮಹಾಯುದ್ಧಗಳಲ್ಲಿ ಮುಗಿದುಹೋಗುತ್ತದೆ. ಇಸವಿಗಳೆಲ್ಲ ಸರಿಯಾಗಿಯೇ ಇವೆ. ಆದರೆ ಒಂದು ಕಾಲಘಟ್ಟದಿಂದ ಮುಂದಿನದು ಹೇಗೆ ಹುಟ್ಟಿತೆಂಬುದು ಎಲ್ಲಿಯೂ ಸಿಗುವುದಿಲ್ಲ. ಅಂತರ್ಯುದ್ಧದ ಬೆನ್ನಿಗೇ ಬಂದ, 1877ರವರೆಗೆ ನಡೆದ ಪುನರ್‌ನಿರ್ಮಾಣದ ಅವಧಿ, ಅಂದರೆ ಬಿಡುಗಡೆಯಾದ ಗುಲಾಮರಿಗೆ ಹಕ್ಕು ಕೊಡಲು ಯತ್ನಿಸಿದ ಕಾಲವಂತೂ ಒಂದು ಸಾಲಿನಲ್ಲಿಯೂ ಕಾಣಲಿಲ್ಲ.

ಅಂತರ್ಯುದ್ಧದ ಬೇರು ಹತ್ತಿಯ ಹೊಲದಲ್ಲಿತ್ತು. ಹತ್ತಿ ಮಾರುಕಟ್ಟೆಯಿಂದಲೂ ಗಿರಣಿಗಳಿಂದಲೂ ಬೆಳೆದ ದಾವಣಗೆರೆಯಲ್ಲಿ ಇದನ್ನು ಕಲಿಸುವುದು ಕಷ್ಟವಾಗಬಾರದು. ಅಮೆರಿಕದ ದಕ್ಷಿಣ ಭಾಗದ ಒಳನಾಡಿನಲ್ಲಿ ಬೆಳೆಯುತ್ತಿದ್ದ ಗಿಡ್ಡ ಎಳೆಯ ಹತ್ತಿಯಲ್ಲಿ ನಾರು ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅದನ್ನು ಕೈಯಿಂದ ಬಿಡಿಸುವುದು ದಿನಗಟ್ಟಲೆಯ ಕೆಲಸ. 1793ರಲ್ಲಿ ಎಲಿ ವಿಟ್ನಿ ರೂಪಿಸಿದ ಯಂತ್ರದಲ್ಲಿ ತಂತಿಯ ಹಲ್ಲುಗಳಿದ್ದ ಉರುಳೆ ತಿರುಗಿದಂತೆ ಅರಳೆ ಕಿರಿದಾದ ಸಂದಿಯ ಮೂಲಕ ಆಚೆ ಬರುತ್ತಿತ್ತು, ಬೀಜ ಈಚೆಗೇ ಉಳಿಯುತ್ತಿತ್ತು. ಶ್ರಮ ಉಳಿಸಿದ ಈ ಯಂತ್ರವೇ ಗುಲಾಮಗಿರಿಯನ್ನು ಬೆಳೆಸಿತೆಂಬುದು ಮಕ್ಕಳು ಮನಗಾಣಬೇಕಾದ ಸಂಗತಿ. ಹತ್ತಿ ಲಾಭದ ಬೆಳೆಯಾದಂತೆ ಬಿತ್ತುವ ನೆಲ ಹಿಗ್ಗಿತು, ಗಿಡದಿಂದ ಹತ್ತಿ ಬಿಡಿಸುವ ಕೈಗಳು ಇನ್ನಷ್ಟು ಬೇಕಾದವು. 1790ರಲ್ಲಿ ಸುಮಾರು ಏಳು ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ವೇಳೆಗೆ ನಲವತ್ತು ಲಕ್ಷದ ಸಮೀಪಕ್ಕೆ ಬಂದಿತ್ತು. ಈ ಗುಲಾಮಗಿರಿಯ ಪ್ರಶ್ನೆಯೇ ಉತ್ತರ ಮತ್ತು ದಕ್ಷಿಣದ ರಾಜ್ಯಗಳನ್ನು ಯುದ್ಧಕ್ಕೆ ಎಳೆಯಿತು. ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಾಗ ನಮ್ಮ ಪಕ್ಕದ ಧಾರವಾಡ ಸೀಮೆಯ ಹತ್ತಿಗೂ ಬೆಲೆ ಏರಿತು. ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು.

ಇಷ್ಟು ತಿಳಿದ ವಿದ್ಯಾರ್ಥಿಗೆ, ಬಿಡುಗಡೆಯಾದ ಆ ಲಕ್ಷಾಂತರ ಜನರ ಗತಿ ಮುಂದೇನಾಯಿತು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಅಮೆರಿಕದ ಸಂವಿಧಾನಕ್ಕೆ 1865ರಲ್ಲಿ ಆದ ಹದಿಮೂರನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದುಗೊಳಿಸಿತು, 1868ರ ಹದಿನಾಲ್ಕನೆಯದು ಪೌರತ್ವ ಕೊಟ್ಟಿತು, 1870ರ ಹದಿನೈದನೆಯದು ವರ್ಣದ ಕಾರಣಕ್ಕೆ ಮತದ ಹಕ್ಕನ್ನು ನಿರಾಕರಿಸಬಾರದೆಂದಿತು. ಅದೇ ವರ್ಷ ಮಿಸಿಸಿಪಿಯಿಂದ ಹೈರಮ್ ರೆವೆಲ್ಸ್ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಪ್ರವೇಶಿಸಿದ ಮೊದಲ ಕಪ್ಪು ಸದಸ್ಯರಾದರು. ಆದರೆ ಭೂಮಿ ಮಾತ್ರ ಹಳೆಯ ಮಾಲೀಕರ ಕೈಯಲ್ಲೇ ಉಳಿಯಿತು. ಬಿಡುಗಡೆಯಾದವರಲ್ಲಿ ಬಹಳಷ್ಟು ಮಂದಿ ಆ ಮಾಲೀಕರ ಹೊಲಗಳನ್ನೇ ಪಾಲಿಗೆ ಮಾಡಿ ಸಾಲದಲ್ಲಿ ಸಿಲುಕಿದರು. 1877ರಲ್ಲಿ ಕೇಂದ್ರ ಸರ್ಕಾರದ ಸೇನೆಯ ರಕ್ಷಣೆ ತಪ್ಪಿದ ಮೇಲೆ ದಕ್ಷಿಣದ ರಾಜ್ಯಗಳು ಮತದಾನಕ್ಕೆ ತೆರಿಗೆ ಮತ್ತು ಅಕ್ಷರ ಪರೀಕ್ಷೆಗಳನ್ನು ಒಡ್ಡಿ, ಬೆದರಿಕೆಯನ್ನೂ ಹಾಕಿ, ಕೊಟ್ಟ ಹಕ್ಕನ್ನು ಕಸಿದವು. ಇದನ್ನು ಓದದ ವಿದ್ಯಾರ್ಥಿಗೆ, ಲಿಂಕನ್ನರ ಬಳಿಕ ನೂರು ವರ್ಷ ಕಳೆದರೂ ಮಾರ್ಟಿನ್ ಲೂಥರ್ ಕಿಂಗ್ ಬೀದಿಗಿಳಿಯಬೇಕಾದದ್ದೇಕೆ, 1965ರಲ್ಲಿ ಮತ್ತೊಮ್ಮೆ ಮತದಾನ ಹಕ್ಕಿನ ಕಾಯ್ದೆ ಬೇಕಾದದ್ದೇಕೆ ಎಂಬುದು ಅರ್ಥವಾಗುವ ಬಗೆಯಾದರೂ ಹೇಗೆ?

ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ಬರುವ ಶೈಕ್ಷಣಿಕ ವರ್ಷದಲ್ಲಿ ಅಂತರ್ಯುದ್ಧದ ಪಾಠವನ್ನು 1865ಕ್ಕೆ ನಿಲ್ಲಿಸದೆ 1877ರವರೆಗೆ ಮುಂದುವರಿಸಬೇಕು. ಈ ಮೂರು ತಿದ್ದುಪಡಿಗಳ ಕನ್ನಡ ಪಠ್ಯವನ್ನು ವಿದ್ಯಾರ್ಥಿಗಳಿಗೆ ಒದಗಿಸಬೇಕು ಎಂದು ಕೋರುತ್ತೇನೆ.

– ನಿವೃತ್ತ ಇತಿಹಾಸ ಉಪನ್ಯಾಸಕಿ, ದಾವಣಗೆರೆ