ಅಲಗಿನ ಮೇಲೆ ಹೊಸ ಉಕ್ಕಿನ ಹೆಸರಿದೆ, ಒಳಗೆ ಹದವಿಲ್ಲ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಮ್ಯಾಗ್ನಾಕಟ್ ಉಕ್ಕಿನದೆಂದು ಮಾರಿದ ಜೇಬುಚಾಕುವಿನ ಅಲಗು ಮೆತ್ತಗಿರುವ ಬಗ್ಗೆ

ಮಾನ್ಯರೇ,

ನಿಮ್ಮ ಕಂಪನಿಯ ಒಂಟಿ ಅಲಗಿನ ಮಡಚುವ ಚಾಕುವನ್ನು ಕೊಂಡು ನಾಲ್ಕು ತಿಂಗಳಾಯಿತು. ಇದರ ಬಗ್ಗೆ ನಾನು ಬರೆಯುತ್ತಿರುವ ಎರಡನೆಯ ದೂರು ಇದು. ಮೊದಲ ಸಲ ಚಾಕುವನ್ನು ನಿಮಗೇ ಕಳುಹಿಸಿದ್ದೆ. "ತಯಾರಿಕೆಯಲ್ಲಿ ದೋಷವಿಲ್ಲ, ಸಾಣೆ ಹಿಡಿದ ರೀತಿ ಸರಿಯಿಲ್ಲ" ಎಂಬ ಒಂದು ಸಾಲಿನ ಚೀಟಿಯೊಂದಿಗೆ ಅದು ಹಿಂತಿರುಗಿತು. ಆ ಸಾಲನ್ನು ನಾನು ಒಪ್ಪುವುದಿಲ್ಲ.

ನಾನು ಪುಸ್ತಕ ಬೈಂಡಿಂಗ್ ಮಾಡುವವನು. ದಿನವಿಡೀ ರಟ್ಟು, ದಾರ, ಬಟ್ಟೆ ಕತ್ತರಿಸುತ್ತೇನೆ. ಮೆತ್ತಗೆ ಕಂಡರೂ ರಟ್ಟು ಅಲಗನ್ನು ತಿನ್ನುವಷ್ಟು ಮರವೂ ತಿನ್ನುವುದಿಲ್ಲ. ಇಷ್ಟು ವರ್ಷ ನನ್ನ ಕೈಯಲ್ಲಿದ್ದದ್ದು ತಂದೆಯ ಕಾಲದ ಕಾರ್ಬನ್ ಉಕ್ಕಿನ ಚಾಕು. ಹರಿತಕ್ಕೆ ಅದು ಎಂದೂ ಮೋಸ ಮಾಡಿಲ್ಲ. ಆದರೆ ಅದರಲ್ಲಿ ತುಕ್ಕನ್ನು ತಡೆಯುವಷ್ಟು ಕ್ರೋಮಿಯಂ ಇಲ್ಲ. ಹಸಿ ಅಂಟು ತಾಗಿದೊಡನೆ ಅಲಗು ಕಪ್ಪಾಗುತ್ತದೆ, ಆ ಕಪ್ಪು ಬಿಳಿ ಹಾಳೆಯ ಅಂಚಿಗೆ ಇಳಿಯುತ್ತದೆ. ಬೇರೆಯವರ ಪುಸ್ತಕದ ಮೇಲೆ ಕಲೆ ಬಿದ್ದರೆ ಅದನ್ನು ಅಳಿಸುವ ದಾರಿಯಿಲ್ಲ. ಹಳೆಯ ಚಾಕುವಿನ ಮೈಕಟ್ಟು ಹಾಗೆಯೇ ಇದ್ದು ತುಕ್ಕು ಹಿಡಿಯದ ಉಕ್ಕು ಸಿಕ್ಕರೆ ಸಾಕು ಎಂದು ಬಹಳ ಕಾಲ ಹುಡುಕಿದ್ದೆ. ನಿಮ್ಮ ಜಾಹೀರಾತು ಕೊಟ್ಟ ಭರವಸೆಯೂ ಅದೇ ಆಗಿತ್ತು.

ಮ್ಯಾಗ್ನಾಕಟ್ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಲೋಹಶಾಸ್ತ್ರಜ್ಞ ಲ್ಯಾರಿನ್ ಥಾಮಸ್ ರೂಪಿಸಿ 2021ರಲ್ಲಿ ಹೊರಬಂದ ಈ ಉಕ್ಕಿನಲ್ಲಿ ಕ್ರೋಮಿಯಂ ಶೇಕಡಾ 11ರಷ್ಟೂ ಇಲ್ಲ. ಆದರೂ ಅದು ತುಕ್ಕನ್ನು ಚೆನ್ನಾಗಿ ತಡೆಯುತ್ತದೆ. ಕಾರಣ, ಇದ್ದ ಕ್ರೋಮಿಯಂ ಇಂಗಾಲದೊಡನೆ ಸೇರಿ ಒರಟು ಕಾರ್ಬೈಡ್ ಕಣಗಳಲ್ಲಿ ಸಿಕ್ಕಿಕೊಳ್ಳದೆ ಉಕ್ಕಿನಲ್ಲೇ ಕರಗಿರುತ್ತದೆ. ಸವೆತವನ್ನು ತಡೆಯುವ ಕೆಲಸ ವೆನೇಡಿಯಂ ಮತ್ತು ನಯೋಬಿಯಂಗಳ ಸಣ್ಣ ಕಣಗಳದು. ಇವೆಲ್ಲ ಫಲ ಕೊಡಬೇಕಾದರೆ ಉಕ್ಕಿಗೆ ಸರಿಯಾದ ಹದ ಸಿಗಬೇಕು. ಹಳೆಯ ಕಾರ್ಬನ್ ಉಕ್ಕನ್ನು 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ ತಣಿಸಿದರೆ ಗಡಸಾಗುತ್ತದೆ. ಇದಕ್ಕೆ 1,100 ಡಿಗ್ರಿಯ ಆಸುಪಾಸಿನ ಕಾವು ಬೇಕು, ಬೇಗನೆ ತಣಿಸಬೇಕು, ಆಮೇಲೆ ಸೊನ್ನೆಗಿಂತ ಬಹಳ ಕೆಳಗಿನ ಶೀತಕ್ಕೂ ಒಡ್ಡಬೇಕು. ನಿಮ್ಮ ಕಾರ್ಖಾನೆಯಲ್ಲಿ ಈ ಹಂತಗಳಲ್ಲಿ ಯಾವುದೋ ಒಂದು ಕೈತಪ್ಪಿದೆ ಎಂಬುದು ನನ್ನ ಅನುಮಾನ.

ಅನುಮಾನಕ್ಕೆ ಕಾರಣ ಅಲಗೇ ಹೇಳುತ್ತದೆ. ಆರು ರಟ್ಟು ಕತ್ತರಿಸಿದ ಮೇಲೆ ಅದರ ಬಾಯನ್ನು ದೀಪದ ಕೆಳಗೆ ಹಿಡಿದೆ. ಹರಿತವಾದ ಬಾಯಿ ಬೆಳಕಿಗೆ ಕಾಣಿಸಬಾರದು. ಇಲ್ಲಿ ಮಧ್ಯಭಾಗದಲ್ಲಿ ಬೆಳ್ಳಿಯ ಗೆರೆಯೊಂದು ಹೊಳೆಯುತ್ತಿತ್ತು. ಉಗುರಿನ ಮೇಲೆ ಹಗುರವಾಗಿ ಎಳೆದರೆ ಒಂದು ಪಕ್ಕ ನುಣ್ಣಗೆ ಜಾರಿತು, ಇನ್ನೊಂದು ಪಕ್ಕ ಕೊಕ್ಕೆಯಂತೆ ಕಚ್ಚಿತು. ಎಂದರೆ ಬಾಯಿ ಸವೆದದ್ದಲ್ಲ, ಚಕ್ಕೆ ಎದ್ದದ್ದೂ ಅಲ್ಲ, ಒಂದು ಕಡೆಗೆ ಮಡಚಿಕೊಂಡದ್ದು. ನಾನು ಸಾಣೆ ಹಿಡಿಯುವುದು ವಜ್ರದ ಪುಡಿಯ ಹಲಗೆಯ ಮೇಲೆ, ಕೊನೆಗೆ ತೊಗಲಿನ ಪಟ್ಟಿಯ ಮೇಲೆ. ನಿಮ್ಮ ಚೀಟಿಯ ಮಾತು ನಿಜವಾಗಿದ್ದರೆ ನಿಮ್ಮಲ್ಲೇ ಸಾಣೆಯಾಗಿ ಬಂದ ಮೇಲೆ ಚಾಕು ಸರಿಯಾಗಬೇಕಿತ್ತು. ಐದನೆಯ ರಟ್ಟಿಗೇ ಅದೇ ಬೆಳ್ಳಿಗೆರೆ ಮತ್ತೆ ಕಾಣಿಸಿತು.

ಆಮೇಲೆ ಲೋಹಕ್ಕೆ ಹದ ಹಾಕುವ ಕಾರ್ಯಾಗಾರವೊಂದರಲ್ಲಿ ಗಡಸುತನವನ್ನು ಅಳೆಯಿಸಿದೆ. ಹಿಡಿಯ ಬಳಿಯ ಸಮತಟ್ಟಾದ ಭಾಗದಲ್ಲಿ ಮೂರು ಕಡೆ ಪರೀಕ್ಷಿಸಿದಾಗ ಅಂಕ ಹೆಚ್ಚಾದಷ್ಟೂ ಉಕ್ಕು ಗಡಸು ಎಂದು ತೋರಿಸುವ ರಾಕ್‌ವೆಲ್ ಸಿ ಮಾಪಕದಲ್ಲಿ ಬಂದದ್ದು 56, 56, 55. ನಿಮ್ಮ ಡಬ್ಬಿಯ ಮೇಲಿರುವುದು 62ರಿಂದ 63. ಇಷ್ಟೊಂದು ಅಂತರವನ್ನು ಅಳತೆಯ ಏರುಪೇರು ಎಂದು ತಳ್ಳಿಹಾಕಲಾಗದು.

ಇನ್ನೊಂದು ದೋಷವೂ ಇದೆ. ಬಾಯಿಯ ಇಳಿಜಾರು ಶುರುವಾಗುವ ಕಡೆ ಅಲಗಿನ ದಪ್ಪ 0.8 ಮಿಲಿಮೀಟರ್. ಅದೇ ಜಾಗದಲ್ಲಿ ತಂದೆಯ ಚಾಕು 0.3 ಮಿಲಿಮೀಟರ್ ಇದೆ. ಗಟ್ಟಿ ಉಕ್ಕನ್ನು ತೆಳ್ಳಗೆ ಉಜ್ಜಿದರೂ ಅದು ತಾಳುತ್ತದೆ. ಹೊಸ ಉಕ್ಕಿಗೆ ಹೆಚ್ಚು ಹಣ ಕೊಡುವುದೇ ಆ ಕಾರಣಕ್ಕೆ. ನೀವು ಕೊಟ್ಟಿರುವುದು ದಪ್ಪವೂ ಮೆತ್ತಗೂ ಆದ ಬಾಯಿ. ಅದು ರಟ್ಟನ್ನು ಕತ್ತರಿಸುವುದಿಲ್ಲ, ಸೀಳುತ್ತದೆ. ಹೋದ ವಾರ ರಟ್ಟಿನಲ್ಲಿ ಸಿಕ್ಕಿಬಿದ್ದ ಅಲಗನ್ನು ಅಲುಗಾಡಿಸಿ ಎಳೆಯುವಾಗ ಅದು ತೋರುಬೆರಳಿನ ಮೇಲೆ ಮಡಚಿಕೊಂಡಿತು. ಈ ಬಗೆಯ ಚಾಕುವಿಗೆ ಬೀಗವಿಲ್ಲ, ಬೆನ್ನಿನ ಸ್ಪ್ರಿಂಗ್ ಒಂದೇ ಅದನ್ನು ತಡೆದು ಹಿಡಿಯುವುದು. ಅದು ನನಗೆ ಮೊದಲೇ ಗೊತ್ತು, ಸ್ಪ್ರಿಂಗಿನ ಮೇಲೆ ದೂರೂ ಇಲ್ಲ. ಆದರೆ ಹರಿತವಾದ ಅಲಗಿಗೆ ಅಷ್ಟು ಬಲ ಹಾಕುವ ಪ್ರಮೇಯವೇ ಬರುತ್ತಿರಲಿಲ್ಲ.

ಈ ಚಾಕು ಮಾಡಿದ ಕೈಗಳ ಮೇಲೆ ನನಗೆ ಗೌರವವಿದೆ. ಮೂಳೆಯ ಹಿಡಿ ಲೋಹದ ಪಟ್ಟಿಗೆ ಕೂಡುವ ಕಡೆ ಉಗುರು ತೂರುವಷ್ಟೂ ಸಂದಿಲ್ಲ. ತೆರೆಯುವಾಗ ಅರ್ಧದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಟಕ್ಕೆಂದು ನಿಲ್ಲುತ್ತದೆ. ಇಷ್ಟು ಅಚ್ಚುಕಟ್ಟಾದ ಕೆಲಸದೊಳಗೆ ಇಂಥ ಅಲಗನ್ನು ಕೂರಿಸಿದ್ದೀರಲ್ಲ ಎಂಬುದೇ ನನಗೆ ಹೆಚ್ಚು ನೋವು ತಂದಿದೆ.

ನಾನು ಹಣ ವಾಪಸು ಕೇಳುತ್ತಿಲ್ಲ. ಸರಿಯಾಗಿ ಹದ ಹಾಕಿದ, ಗಡಸುತನ ಅಳೆದು ದಾಖಲಿಸಿದ, ಬಾಯಿಯ ಹಿಂದೆ 0.4 ಮಿಲಿಮೀಟರ್ ಮೀರದ ಅಲಗನ್ನು ಇದೇ ಹಿಡಿಗೆ ಹಾಕಿಕೊಡಿ. ಇದರ ಜೊತೆಗೇ ಒಂದೇ ಸಲಕ್ಕೆ ತಯಾರಾದ ಉಳಿದ ಚಾಕುಗಳನ್ನೂ ಪರೀಕ್ಷಿಸಿ, ಕೊಂಡವರಿಗೆ ತಿಳಿಸಿ. ಮೊದಲ ಚೀಟಿಯಲ್ಲಿ ನನ್ನ ಸಾಣೆಯ ಮೇಲೆ ಹೊರಿಸಿದ ತಪ್ಪನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಿ.

ಕಾರ್ಯಾಗಾರದ ವರದಿ, ಖರೀದಿ ರಸೀದಿಯ ಪ್ರತಿ ಮತ್ತು ಅಲಗಿನ ಬಾಯಿಯ ನಾಲ್ಕು ಛಾಯಾಚಿತ್ರಗಳನ್ನು ಲಗತ್ತಿಸಿದ್ದೇನೆ. ಈ ಸಲ ಚಾಕು ನನ್ನ ಬಳಿಯೇ ಇರುತ್ತದೆ. ಅದನ್ನು ಯಾರು, ಯಾವ ಸಾಧನದಿಂದ ಪರೀಕ್ಷಿಸುತ್ತಾರೆ ಎಂದು ನೀವು ಬರೆದು ತಿಳಿಸಿದ ದಿನವೇ ಕಳುಹಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ