ಲಿಂಕ್ಡ್‌ಇನ್‌ನಲ್ಲಿ ‘ಸ್ಟೂಡೆಂಟ್’ ಎಂದಷ್ಟೇ ಬರೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ

ಮಾನ್ಯ ಸಂಪಾದಕರೇ,

ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್, ಡಿಪ್ಲೊಮಾ, ಬಿ.ಕಾಂ. ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಉದ್ಯೋಗ ಸಂಪರ್ಕದ ಜಾಲತಾಣವಾದ ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆದಿದ್ದಾರೆ. ತೆರೆದು ಹಾಗೇ ಬಿಟ್ಟಿದ್ದಾರೆ. ಹೆಸರು, ಕಾಲೇಜು, ಒಂದು ಸೆಲ್ಫಿ, ಹೆಸರಿನ ಕೆಳಗೆ ‘ಸ್ಟೂಡೆಂಟ್ ಅಟ್’ ಎಂದು ತಾನಾಗಿಯೇ ಬಂದು ಕೂತ ಒಂದು ಸಾಲು. ಆರು ತಿಂಗಳಾದರೂ ಒಂದು ಕಂಪನಿಯಿಂದಲೂ ಸಂದೇಶ ಬಾರದಿದ್ದಾಗ, ಇದೆಲ್ಲ ಬೆಂಗಳೂರಿನ ಹುಡುಗರಿಗೆ ಮಾತ್ರ ಎಂದುಕೊಂಡು ಕೈಬಿಡುತ್ತಾರೆ. ತಪ್ಪು ಊರಿನದಲ್ಲ. ಕಂಪನಿಗೆ ಜನರನ್ನು ಆರಿಸುವ ರಿಕ್ರೂಟರ್ ಹುಡುಕುವ ಪದ ಆ ಪ್ರೊಫೈಲ್‌ನಲ್ಲಿ ಎಲ್ಲೂ ಇರುವುದಿಲ್ಲ, ಅಷ್ಟೇ. ಕ್ಯಾಂಪಸ್ ಸಂದರ್ಶನಗಳ ಕಾಲ ಹತ್ತಿರವಾಗುತ್ತಿರುವಾಗ ಇದನ್ನು ಬಿಡಿಸಿ ಹೇಳುವುದು ಅಗತ್ಯವೆನಿಸಿ ಬರೆಯುತ್ತಿದ್ದೇವೆ.

ಮೊದಲು ಆ ಕಡೆಯವರು ಏನು ಮಾಡುತ್ತಾರೆಂದು ತಿಳಿಯಬೇಕು. ರಿಕ್ರೂಟರ್‌ಗಳು ಪೋಸ್ಟ್‌ಗಳನ್ನು ಸರಿಸುತ್ತಾ ಕೂತು ಜನರನ್ನು ಹುಡುಕುವುದಿಲ್ಲ. ಕಂಪನಿ ಹಣ ಕೊಟ್ಟು ಪಡೆದ ‘ಲಿಂಕ್ಡ್‌ಇನ್ ರಿಕ್ರೂಟರ್’ ಎಂಬ ಬೇರೆ ಸಲಕರಣೆ ಅವರ ಬಳಿ ಇರುತ್ತದೆ. ಹುದ್ದೆಯ ಹೆಸರು, ಕೌಶಲ, ಊರು, ಅನುಭವದ ವರ್ಷ, ಓದಿದ ಕಾಲೇಜು, ಇವೇ ಅದರ ಜರಡಿಗಳು. ‘ಜಾವಾ’, ‘ಸ್ಪ್ರಿಂಗ್ ಬೂಟ್’ ಎಂಬ ಸಾಫ್ಟ್‌ವೇರ್ ಕೌಶಲಗಳನ್ನೂ ‘ಬೆಂಗಳೂರು’ ಎಂಬ ಊರನ್ನೂ ಕೊಟ್ಟರೆ ಆ ಮೂರಕ್ಕೂ ಹೊಂದುವವರ ಪಟ್ಟಿ ಬರುತ್ತದೆ. ನಿಮಗೆ ಜಾವಾ ಎಷ್ಟೇ ಚೆನ್ನಾಗಿ ಬರಲಿ, ಪ್ರೊಫೈಲ್‌ನಲ್ಲಿ ಆ ಪದವಿಲ್ಲದಿದ್ದರೆ ಜರಡಿಯಲ್ಲಿ ನಿಲ್ಲುವುದಿಲ್ಲ. ಪಟ್ಟಿಯಲ್ಲಿ ನಿಂತರೂ ಮೊದಲು ಕಾಣುವುದು ಫೋಟೊ, ಹೆಸರು, ಹೆಸರಿನ ಕೆಳಗಿನ ಸಾಲಾದ ಹೆಡ್‌ಲೈನ್. ಒಳಗೆ ಹೋಗಿ ನೋಡಬೇಕೋ ಬೇಡವೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಹಾಗಾಗಿ ಕೆಲಸ ಶುರುಮಾಡಬೇಕಾದದ್ದು ಹೆಡ್‌ಲೈನ್‌ನಿಂದ. ಅದರಲ್ಲಿ 220 ಅಕ್ಷರಗಳಿಗೆ ಜಾಗವಿದೆ, ನಮ್ಮ ಹುಡುಗರು ಮೂವತ್ತನ್ನೂ ಬಳಸುವುದಿಲ್ಲ. ಮೊಬೈಲಿನಲ್ಲಿ ಉದ್ದದ ಸಾಲು ಅರ್ಧಕ್ಕೇ ಕತ್ತರಿಸಿಹೋಗುವುದರಿಂದ ಮುಖ್ಯ ಪದ ಮೊದಲಿಗೇ ಬರಬೇಕು. ‘ಜಾವಾ ಡೆವಲಪರ್, ಸ್ಪ್ರಿಂಗ್ ಬೂಟ್, ಮೈಎಸ್‌ಕ್ಯೂಎಲ್, ಬಿ.ಇ. ಅಂತಿಮ ವರ್ಷ’ ಎಂಬುದು ಸಾಕಾಗುವ ಹೆಡ್‌ಲೈನ್. ಇಂಗ್ಲಿಷ್‌ನಲ್ಲೇ ಬರೆಯಿರಿ, ಏಕೆಂದರೆ ಹುಡುಕುವವರು ಟೈಪ್ ಮಾಡುವುದು ಇಂಗ್ಲಿಷ್‌ನಲ್ಲಿ. ‘ಆಸ್ಪೈರಿಂಗ್’, ‘ಪ್ಯಾಶನೇಟ್’, ‘ಸೀಕಿಂಗ್ ಆಪರ್ಚುನಿಟೀಸ್’ ಎಂಬ ಪದಗಳನ್ನು ಯಾವ ರಿಕ್ರೂಟರೂ ಹುಡುಕುವುದಿಲ್ಲ. ಅವು ಜಾಗ ತಿನ್ನುತ್ತವೆ. ಯಾವ ಪದ ಬಳಸಬೇಕೆಂದು ಗೊತ್ತಾಗದಿದ್ದರೆ ನಿಮಗೆ ಬೇಕಾದ ಹುದ್ದೆಯ ಹತ್ತು ಜಾಹೀರಾತುಗಳನ್ನು ಅಲ್ಲೇ ತೆರೆದು ಓದಿ. ಐದಾರರಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ಗುರುತು ಮಾಡಿಕೊಳ್ಳಿ. ಅವುಗಳಲ್ಲಿ ನಿಮಗೆ ನಿಜವಾಗಿ ಬರುವಂಥವು ಹೆಡ್‌ಲೈನ್‌ಗೆ, ನಿಮ್ಮ ಪರಿಚಯ ಬರೆಯುವ ‘ಅಬೌಟ್’ ವಿಭಾಗಕ್ಕೆ, ಕೌಶಲಗಳ ‘ಸ್ಕಿಲ್ಸ್’ ಪಟ್ಟಿಗೆ ಹೋಗಬೇಕು. ಬಾರದ್ದನ್ನು ಬರೆದರೆ ಸಂದರ್ಶನದ ಮೊದಲ ಐದು ನಿಮಿಷದಲ್ಲೇ ಸಿಕ್ಕಿಬೀಳುತ್ತೀರಿ.

ಸಾಫ್ಟ್‌ವೇರ್‌ನವರಿಗಷ್ಟೇ ಇದು ಎಂದು ತಿಳಿದವರು ಬಹಳ. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ತಂತ್ರಜ್ಞರು ಪ್ರೊಫೈಲ್‌ನಲ್ಲಿ ಬರೆಯುವುದು ‘ಟೆಕ್ನಿಷಿಯನ್’ ಎಂಬ ಒಂದೇ ಪದ. ಅದನ್ನು ಹುಡುಕಿದರೆ ಎ.ಸಿ. ರಿಪೇರಿಯವರಿಂದ ಲ್ಯಾಬಿನವರವರೆಗೆ ಲಕ್ಷಾಂತರ ಜನ ಬರುತ್ತಾರೆ. ‘ವಿಂಡ್ ಟರ್ಬೈನ್ ಟೆಕ್ನಿಷಿಯನ್’ ಎಂದು ಬರೆದು, ಎಷ್ಟು ಮೆಗಾವ್ಯಾಟ್‌ನ ಟರ್ಬೈನ್, ಎಷ್ಟು ಯಂತ್ರಗಳ ಹೊಣೆ, ಗೇರ್‌ಬಾಕ್ಸ್ ಕೆಲಸವೋ ಹೈಡ್ರಾಲಿಕ್ ಕೆಲಸವೋ, ಯಂತ್ರಗಳನ್ನು ದೂರದಿಂದಲೇ ಗಮನಿಸುವ ‘ಸ್ಕಾಡಾ’ ಪರದೆ ನೋಡಿ ದೋಷ ಗುರುತಿಸಲು ಬರುತ್ತದೆಯೇ, 33 ಕೆ.ವಿ. ಲೈನಿನ ಅನುಭವವಿದೆಯೇ ಎಂಬುದನ್ನು ಸೇರಿಸಿದರೆ ಅದೇ ಮನುಷ್ಯ ಬೇರೆಯೇ ಪಟ್ಟಿಯಲ್ಲಿ ಸಿಗುತ್ತಾನೆ. ಎತ್ತರದಲ್ಲಿ ಕೆಲಸ ಮಾಡುವ ಸುರಕ್ಷತೆಗೆ ಜಿಡಬ್ಲ್ಯುಒ (ಗ್ಲೋಬಲ್ ವಿಂಡ್ ಆರ್ಗನೈಸೇಶನ್) ತರಬೇತಿ ಪಡೆದಿದ್ದರೆ ಅದನ್ನು ಸರ್ಟಿಫಿಕೇಶನ್ಸ್ ವಿಭಾಗದಲ್ಲಿ, ಅವಧಿ ಮುಗಿಯುವ ದಿನಾಂಕದೊಂದಿಗೆ ಹಾಕಬೇಕು. ಹೊರದೇಶದ ಕಂಪನಿಗಳೂ ಗುರುತಿಸುವ ತರಬೇತಿ ಅದು.

ದಾವಣಗೆರೆಯ ಅಕ್ಕಿ ಗಿರಣಿ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ಲೆಕ್ಕ ನೋಡಿಕೊಳ್ಳುವವರ ಕಥೆಯೂ ಹೀಗೆಯೇ. ‘ರೈಟರ್’ ಅಥವಾ ‘ಗುಮಾಸ್ತ’ ಎಂದು ಊರಿನಲ್ಲಿ ಕರೆದರೂ ಅವರು ಮಾಡುವ ಕೆಲಸಕ್ಕೆ ಹೊರಗೆ ‘ಅಕೌಂಟ್ಸ್ ಎಕ್ಸಿಕ್ಯುಟಿವ್’ ಎನ್ನುತ್ತಾರೆ. ಟ್ಯಾಲಿ ಪ್ರೈಮ್, ಜಿಎಸ್‌ಟಿಆರ್-1, ಜಿಎಸ್‌ಟಿಆರ್-3ಬಿ, ಇ-ವೇ ಬಿಲ್, ಟಿಡಿಎಸ್, ಬ್ಯಾಂಕ್ ರಿಕನ್ಸಿಲಿಯೇಶನ್, ಇವು ಅವರು ದಿನಾ ಮಾಡುವ ಕೆಲಸಗಳು, ರಿಕ್ರೂಟರ್‌ಗಳು ದಿನಾ ಹುಡುಕುವ ಪದಗಳೂ ಹೌದು. ಸುಳ್ಳು ಹುದ್ದೆ ಹಾಕಿಕೊಳ್ಳಿ ಎಂದು ಹೇಳುತ್ತಿಲ್ಲ. ಮಾಡುತ್ತಿರುವ ಕೆಲಸಕ್ಕೆ ಮಾರುಕಟ್ಟೆಯಲ್ಲಿ ಚಾಲ್ತಿಯಲ್ಲಿರುವ ಹೆಸರನ್ನು ಇಡಿ ಎನ್ನುತ್ತಿದ್ದೇವೆ.

ಊರಿನ ಹೆಸರಿನದೂ ಒಂದು ತೊಡಕಿದೆ. ದಾವಣಗೆರೆಯನ್ನು ಇಂಗ್ಲಿಷ್‌ನಲ್ಲಿ Davanagere, Davangere ಎಂದು ಎರಡು ಬಗೆಯಲ್ಲಿ ಬರೆಯುತ್ತಾರೆ. ಲೊಕೇಶನ್ ಜಾಗದಲ್ಲಿ ಕೈಯಾರೆ ಬರೆದು ಬಿಡದೆ ಕೆಳಗೆ ಇಳಿಯುವ ಪಟ್ಟಿಯಿಂದಲೇ ಆರಿಸಬೇಕು. ಬೆಂಗಳೂರಿನಲ್ಲಿ ಕೆಲಸ ಬೇಕೆಂದು ಊರನ್ನೇ ಬೆಂಗಳೂರು ಎಂದು ಸುಳ್ಳು ಹಾಕುವ ಅಭ್ಯಾಸ ಬೇಡ. ನಾಳೆ ಬೆಳಗ್ಗೆ ಹತ್ತಕ್ಕೆ ಬನ್ನಿ ಎಂದರೆ 260 ಕಿ.ಮೀ. ದೂರದಿಂದ ಹೊರಡಬೇಕಾಗುತ್ತದೆ. ಬೇರೆ ಊರಿನ ಕೆಲಸಕ್ಕೆ ಸರಿಯಾದ ದಾರಿ, ಕೆಲಸ ಹುಡುಕುತ್ತಿದ್ದೇನೆಂದು ತಿಳಿಸುವ ‘ಓಪನ್ ಟು ವರ್ಕ್’ ಎಂಬ ಆಯ್ಕೆ. ಅಲ್ಲಿ ಐದು ಹುದ್ದೆಗಳನ್ನೂ, ಕೆಲಸ ಮಾಡಲು ಸಿದ್ಧವಿರುವ ಊರುಗಳನ್ನೂ ಕೊಡಬಹುದು. ಬೆಂಗಳೂರು, ಹುಬ್ಬಳ್ಳಿ, ಪುಣೆ ಎಂದು ಅಲ್ಲಿ ಬರೆದಿದ್ದರೆ, ವಾಸ ಬದಲಿಸಲು ಸಿದ್ಧರಿರುವವರನ್ನೂ ಸೇರಿಸಿ ಹುಡುಕುವ ರಿಕ್ರೂಟರ್‌ಗೆ ನೀವು ಸಿಗುತ್ತೀರಿ. ಈಗಾಗಲೇ ಕೆಲಸದಲ್ಲಿರುವವರು ‘ರಿಕ್ರೂಟರ್‌ಗಳಿಗೆ ಮಾತ್ರ’ ಎಂಬುದನ್ನು ಆರಿಸಿ. ಇನ್ನೊಂದು ಆಯ್ಕೆ ಫೋಟೊದ ಸುತ್ತ ಹಸಿರು ಪಟ್ಟಿ ಹಾಕುತ್ತದೆ, ಅದು ನಿಮ್ಮ ಮ್ಯಾನೇಜರ್‌ಗೂ ಕಾಣುತ್ತದೆ. ‘ರಿಕ್ರೂಟರ್‌ಗಳಿಗೆ ಮಾತ್ರ’ ಎಂದರೂ ಪೂರ್ತಿ ಗುಟ್ಟಾಗಿ ಉಳಿಯುವ ಖಾತ್ರಿಯನ್ನು ಲಿಂಕ್ಡ್‌ಇನ್ ಕೊಡುವುದಿಲ್ಲ ಎಂಬುದೂ ನೆನಪಿರಲಿ.

ಅಬೌಟ್ ವಿಭಾಗದಲ್ಲಿ 2,600 ಅಕ್ಷರ ಹಿಡಿಸುತ್ತದೆ, ಆದರೆ ತೆರೆದ ಕೂಡಲೇ ಕಾಣುವುದು ಮೂರ್ನಾಲ್ಕು ಸಾಲು. ಉಳಿದದ್ದಕ್ಕೆ ‘ಸೀ ಮೋರ್’ ಒತ್ತಬೇಕು. ಮೊದಲ ಮೂರು ಸಾಲಿನಲ್ಲೇ ಏನು ಮಾಡಬಲ್ಲಿರಿ, ಯಾವುದರಲ್ಲಿ ಮಾಡಿದ್ದೀರಿ, ಯಾವ ಕೆಲಸ ಬೇಕು ಎಂಬುದು ಬಂದುಬಿಡಲಿ. ಇತ್ತೀಚೆಗೆ ಇದನ್ನು ಎಐ ಚಾಟ್‌ಬಾಟ್‌ನಿಂದ ಬರೆಸಿ ಹಾಗೇ ಅಂಟಿಸುತ್ತಿದ್ದಾರೆ. ಒಂದೇ ತರಗತಿಯ ನಲವತ್ತು ಮಂದಿಯ ಅಬೌಟ್ ಒಂದೇ ರಾಗ ಹಾಡುತ್ತದೆ, ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ನಿಮ್ಮ ಪ್ರಾಜೆಕ್ಟ್ ಏನೆಂದು ಗೆಳೆಯನಿಗೆ ಕನ್ನಡದಲ್ಲಿ ಹೇಳಿ, ಆಡಿದ ಮಾತನ್ನೇ ಸರಳ ಇಂಗ್ಲಿಷ್‌ಗೆ ತನ್ನಿ. ವ್ಯಾಕರಣ ತಿದ್ದಲು ಬೇಕಾದರೆ ಯಂತ್ರದ ಸಹಾಯ ಪಡೆಯಿರಿ.

ಅನುಭವವಿಲ್ಲದ ವಿದ್ಯಾರ್ಥಿಗೆ ಪ್ರಾಜೆಕ್ಟ್‌ಗಳೇ ಅನುಭವ. ‘ಸ್ಮಾರ್ಟ್ ಇರಿಗೇಶನ್ ಸಿಸ್ಟಮ್’ ಎಂಬ ತಲೆಬರಹ ಮಾತ್ರ ಹಾಕಿದರೆ ಏನೂ ತಿಳಿಯದು. ಯಾವ ಸೆನ್ಸರ್, ಯಾವ ಬೋರ್ಡ್, ತಂಡದಲ್ಲಿ ಎಷ್ಟು ಜನ, ನೀವು ಮಾಡಿದ ಭಾಗ ಯಾವುದು, ಎಷ್ಟು ದಿನ ಓಡಿಸಿ ನೋಡಿದಿರಿ, ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದಿರಿ? ನಾಲ್ಕು ಸಾಲು ಸಾಕು. ಕೋಡ್ ಇದ್ದರೆ, ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಕೊಂಡಿ ಕೊಡಿ, ಆದರೆ ಕೊಂಡಿ ಒತ್ತಿದಾಗ ಖಾಲಿ ಪುಟ ತೆರೆಯಬಾರದು. ಸ್ಕಿಲ್ಸ್‌ನಲ್ಲಿ ನೂರರವರೆಗೆ ಸೇರಿಸಲು ಬಿಡುತ್ತಾರೆಂದು ನೂರು ತುಂಬಬೇಡಿ. ಹದಿನೈದು ಇಪ್ಪತ್ತು ಸಾಕು. ಮುಖ್ಯವಾದವನ್ನು ಎಳೆದು ಮೇಲಕ್ಕೆ ತನ್ನಿ, ಪ್ರತಿಯೊಂದನ್ನೂ ಅದನ್ನು ಬಳಸಿದ ಪ್ರಾಜೆಕ್ಟ್ ಅಥವಾ ಕೆಲಸಕ್ಕೆ ಜೋಡಿಸಿ.

ಲ್ಯಾಂಗ್ವೇಜಸ್ ಎಂಬ ವಿಭಾಗವನ್ನು ನಮ್ಮವರು ಖಾಲಿ ಬಿಡುವುದು ಕಂಡರೆ ನಿಜಕ್ಕೂ ಬೇಸರವಾಗುತ್ತದೆ. ಬ್ಯಾಂಕ್, ವಿಮೆ, ಮಾರಾಟ, ಗ್ರಾಹಕ ಸೇವೆಯ ಹುದ್ದೆಗಳಿಗೆ ಕನ್ನಡ ಬಲ್ಲವರೇ ಬೇಕೆಂದು ಹುಡುಕುತ್ತಾರೆ. ಹುಟ್ಟಿನಿಂದ ಕನ್ನಡ ಆಡುವವರು ಅದನ್ನು ಬರೆಯುವುದೇ ಇಲ್ಲ. ಅಲ್ಲಿ ಐದು ಹಂತಗಳಿವೆ. ಕನ್ನಡವನ್ನು ‘ನೇಟಿವ್ ಆರ್ ಬೈಲಿಂಗ್ವಲ್’ ಎಂದು ಹಾಕಿ, ಮನೆಯಲ್ಲಿ ಉರ್ದು, ತೆಲುಗು, ಮರಾಠಿ ಆಡುವವರು ಅದನ್ನೂ ಸೇರಿಸಿ.

ಫೋಟೊಗೆ ಸ್ಟುಡಿಯೋ ಬೇಕಿಲ್ಲ. ಬೆಳಗಿನ ಬೆಳಕು ಬೀಳುವ ಕಿಟಕಿಗೆ ಮುಖ ಮಾಡಿ, ಹಿಂದೆ ಖಾಲಿ ಗೋಡೆ ಇರಲಿ, ಚೌಕಟ್ಟಿನ ಅರ್ಧಕ್ಕಿಂತ ಹೆಚ್ಚು ಭಾಗ ಮುಖವೇ ತುಂಬಿರಲಿ. ಕನಿಷ್ಠ 400x400 ಪಿಕ್ಸೆಲ್ ಇದ್ದರೆ ಮಸುಕಾಗದು. ಫೋಟೊ ಯಾರಿಗೆ ಕಾಣಬೇಕೆಂಬ ಸೆಟ್ಟಿಂಗ್ ‘ಕನೆಕ್ಷನ್ಸ್ ಮಾತ್ರ’ (ನಿಮ್ಮ ಸಂಪರ್ಕದಲ್ಲಿರುವವರಿಗೆ ಮಾತ್ರ) ಎಂದಿದ್ದರೆ ರಿಕ್ರೂಟರ್‌ಗೆ ಖಾಲಿ ವೃತ್ತ ಕಾಣುತ್ತದೆ, ಅದನ್ನು ಬದಲಿಸಿ.

ನಮ್ಮ ಕಡೆಯ ಇನಿಶಿಯಲ್ ಪದ್ಧತಿಯೂ ತೊಂದರೆ ಕೊಡುತ್ತದೆ. ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಲಿಂಕ್ಡ್‌ಇನ್‌ನಲ್ಲಿ ಮತ್ತೊಂದು ಹೆಸರಿದ್ದರೆ ರೆಸ್ಯೂಮೆ ನೋಡಿ ಹುಡುಕುವವರಿಗೆ ನೀವು ಸಿಗುವುದಿಲ್ಲ. ಡಿಜಿಲಾಕರ್ ಮೂಲಕ ಆಧಾರ್ ಬಳಸಿ ಪ್ರೊಫೈಲ್ ದೃಢೀಕರಿಸುವಾಗಲೂ ಹೆಸರು ತಾಳೆಯಾಗಬೇಕು. ಕಾಲೇಜಿನ ಇ-ಮೇಲ್‌ನಿಂದ ಖಾತೆ ತೆರೆದವರು ಸ್ವಂತ ಇ-ಮೇಲ್ ಸೇರಿಸಿ ಅದನ್ನೇ ಮುಖ್ಯವಾಗಿಸಿಕೊಳ್ಳಿ. ಪದವಿ ಮುಗಿದು ಆ ಇ-ಮೇಲ್ ನಿಂತರೆ, ಪಾಸ್‌ವರ್ಡ್ ಮರೆತ ದಿನ ಖಾತೆಯೇ ಕೈತಪ್ಪುತ್ತದೆ.

ಕೆಲಸ ಬದಲಿಸುವವರು ತಿಂಗಳು, ವರ್ಷಗಳನ್ನು ರಿಲೀವಿಂಗ್ ಲೆಟರ್ ಮತ್ತು ಪಿಎಫ್ ದಾಖಲೆ ಎದುರಿಗಿಟ್ಟುಕೊಂಡೇ ಬರೆಯಬೇಕು. ಆಫರ್ ಬಂದ ಮೇಲೆ ನಡೆಯುವ ಹಿನ್ನೆಲೆ ಪರಿಶೀಲನೆಯಲ್ಲಿ ಎರಡು ತಿಂಗಳ ವ್ಯತ್ಯಾಸಕ್ಕೂ ವಿವರಣೆ ಕೇಳುತ್ತಾರೆ. ಮಗುವಿನ ಆರೈಕೆಗೋ ಹಿರಿಯರ ಕಾಯಿಲೆಗೋ ಕೆಲಸ ಬಿಟ್ಟ ಹೆಣ್ಣುಮಕ್ಕಳು ಆ ಅವಧಿಯನ್ನು ಮುಚ್ಚಿಡಬೇಕಾಗಿಲ್ಲ. 2022ರಿಂದ ‘ಕರಿಯರ್ ಬ್ರೇಕ್’ ಎಂದು ಕಾರಣ ಸಹಿತ ನಮೂದಿಸುವ ಅವಕಾಶವಿದೆ.

ಪ್ರೊಫೈಲ್ ಕಾಣತೊಡಗಿದರೆ ಮೋಸಗಾರರಿಗೂ ಕಾಣುತ್ತದೆ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ಶುಲ್ಕ ಎಂದು ಹಣ ಕೇಳಿದ ಕ್ಷಣವೇ ಮಾತು ನಿಲ್ಲಿಸಿ. ಸಂದೇಶ ಕಳಿಸಿದವರ ಪ್ರೊಫೈಲ್‌ನ ‘ಮೋರ್’ ಒತ್ತಿ ‘ಅಬೌಟ್ ದಿಸ್ ಪ್ರೊಫೈಲ್’ ತೆರೆದರೆ ಖಾತೆ ಯಾವಾಗ ಶುರುವಾಯಿತು ಎಂದು ತಿಳಿಯುತ್ತದೆ. ಹತ್ತು ವರ್ಷದ ಎಚ್‌ಆರ್ ಎನ್ನುವವರ ಖಾತೆಗೆ ಹತ್ತು ದಿನವಾಗಿದ್ದರೆ ಎಚ್ಚರವಾಗಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊಬೈಲ್ ಸಂಖ್ಯೆ, ಮನೆ ವಿಳಾಸವಿರುವ ರೆಸ್ಯೂಮೆಯನ್ನು ಎಲ್ಲರಿಗೂ ಕಾಣುವಂತೆ ಪ್ರೊಫೈಲ್‌ಗೆ ಅಂಟಿಸಬೇಡಿ.

ಕೊನೆಗೆ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳಲ್ಲಿ ಒಂದು ಕೋರಿಕೆ. 1951ರಲ್ಲಿ ಶುರುವಾದ ದಾವಣಗೆರೆಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, ಚಿತ್ರದುರ್ಗದ ಎಸ್‌ಜೆಎಂ ಸಂಸ್ಥೆಯಲ್ಲಿ ಓದಿದವರು ಅನೇಕ ಕಂಪನಿಗಳಲ್ಲಿ ದೊಡ್ಡ ಸ್ಥಾನಗಳಲ್ಲಿದ್ದಾರೆ. ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಪುಟ ತೆರೆದು ‘ಅಲಮ್ನೈ’ ಒತ್ತಿದರೆ ಯಾರು ಯಾವ ಊರಿನಲ್ಲಿ, ಯಾವ ಕಂಪನಿಯಲ್ಲಿದ್ದಾರೆಂದು ಬರುತ್ತದೆ. ಆದರೆ ಒಂದೇ ಕಾಲೇಜನ್ನು ಒಬ್ಬರು ಸಂಕ್ಷಿಪ್ತವಾಗಿ, ಇನ್ನೊಬ್ಬರು ಪೂರ್ತಿಯಾಗಿ, ಮತ್ತೊಬ್ಬರು ಬರೀ ವಿಶ್ವವಿದ್ಯಾಲಯದ ಹೆಸರಾದ ವಿಟಿಯು ಎಂದು ಬರೆದರೆ ಅವರೆಲ್ಲ ಆ ಪುಟದಲ್ಲಿ ಒಟ್ಟಾಗಿ ಸೇರುವುದಿಲ್ಲ. ಪಟ್ಟಿಯಿಂದ ಲಾಂಛನ ಸಮೇತ ಬರುವ ಹೆಸರನ್ನು ಆರಿಸಿದಾಗ ಮಾತ್ರ ಸೇರುತ್ತಾರೆ. ಯಾವ ಹೆಸರನ್ನು ಆರಿಸಬೇಕೆಂದು ಪ್ರತಿ ಕಾಲೇಜೂ ಒಂದು ಸಾಲಿನ ಸೂಚನೆ ಹೊರಡಿಸಲಿ. ಏಳನೇ ಸೆಮಿಸ್ಟರ್ ಆರಂಭವಾಗುವ ಮೊದಲು ಕಂಪ್ಯೂಟರ್ ಲ್ಯಾಬಿನಲ್ಲಿ ಅರ್ಧ ದಿನ ಕೂರಿಸಿ, ಪ್ರತಿ ವಿದ್ಯಾರ್ಥಿಯ ಹೆಡ್‌ಲೈನ್, ಕಾಲೇಜಿನ ಹೆಸರು, ಇ-ಮೇಲ್, ಈ ಮೂರನ್ನಾದರೂ ಅಲ್ಲೇ ಸರಿಮಾಡಿಸಿ ಕಳಿಸಲಿ.

— ಉದ್ಯೋಗ ತರಬೇತಿ ಮತ್ತು ನೇಮಕಾತಿ ಕ್ಷೇತ್ರದಲ್ಲಿ ಕೆಲಸ ಮಾಡುವ ಕೆಲವರು, ದಾವಣಗೆರೆ