ಮ್ಯಾಗ್ಡಲೆನ್ ಅಲ್ಲ, ಮಾಡ್ಲಿನ್

ಸಂಪಾದಕರಿಗೆ ನಮಸ್ಕಾರ.

ಗಿರೀಶ ಕಾರ್ನಾಡರ ಬಗ್ಗೆ ಏನೇ ಬರೆದರೂ ಒಂದು ಸಾಲು ಬಂದೇ ಬರುತ್ತದೆ: ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನಲ್ಲಿ ಓದಿದರು ಎಂದು. ದಯವಿಟ್ಟು ಅದನ್ನು ಮಾಡ್ಲಿನ್ ಎಂದು ಬರೆಯಿರಿ. ಅಲ್ಲಿಯವರು ಮೊದಲಿನಿಂದಲೂ ಕರೆಯುವುದೇ ಹಾಗೆ. ಇಂಗ್ಲಿಷಿನಲ್ಲಿ ಬರೆಯುವುದೊಂದು, ಓದುವುದೊಂದು. ನಮ್ಮ ಲಿಪಿಗೆ ಆ ಕಷ್ಟ ಇಲ್ಲ ಅಲ್ವಾ? ಕೇಳಿದ್ದನ್ನು ಕೇಳಿದ ಹಾಗೇ ಬರೆಯಬಹುದು. ಹೀಗಿದ್ದೂ ಸುಮ್ನೆ ಅವರ ಸ್ಪೆಲಿಂಗನ್ನೇ ಯಾಕೆ ಇಳಿಸಿಕೊಳ್ಳಬೇಕು?

ಜೊತೆಗೆ ಆ ಕಾಲೇಜಿನ ಕಥೆಯನ್ನೂ ಒಂದೆರಡು ಸಾಲು ಹಾಕಿ. ಆಕ್ಸ್‌ಫರ್ಡ್ ಎಂದರೆ ಒಂದೇ ಗೇಟು, ಒಂದೇ ಕಟ್ಟಡ ಎಂದು ನಾನೂ ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ. ಪರೀಕ್ಷೆ, ಪದವಿ ವಿಶ್ವವಿದ್ಯಾಲಯದ್ದು. ಆದರೆ ಹುಡುಗರು ಸೇರುವುದು ಒಂದು ಕಾಲೇಜಿಗೆ, ಊಟ, ವಾಸ, ಟ್ಯೂಟರ್ ಎಲ್ಲ ಹೆಚ್ಚಾಗಿ ಅಲ್ಲೇ, ಮತ್ತು ಪ್ರತಿ ಕಾಲೇಜಿಗೂ ತನ್ನದೇ ಆಸ್ತಿ, ತನ್ನದೇ ಕಟ್ಟಳೆ. ಮಾಡ್ಲಿನನ್ನು 1458ರಲ್ಲಿ ಶುರು ಮಾಡಿದವರು ವಿಂಚೆಸ್ಟರಿನ ಬಿಷಪ್ ವಿಲಿಯಂ ವೇನ್‌ಫ್ಲೀಟ್.

ನನಗೆ ಜಾಸ್ತಿ ಹಿಡಿಸಿದ್ದು 1687ರ ಕಥೆ. ಕಾಲೇಜಿನ ಅಧ್ಯಕ್ಷರು ತೀರಿಕೊಂಡರು. ದೊರೆ ಎರಡನೇ ಜೇಮ್ಸ್, ಆಂಟನಿ ಫಾರ್ಮರ್ ಎಂಬಾತನನ್ನೇ ಆರಿಸಿ ಎಂದು ಆಜ್ಞೆ ಕಳಿಸಿದ. ಕಟ್ಟಳೆ ಪ್ರಕಾರ ಆತನಿಗೆ ಆ ಅರ್ಹತೆಯೇ ಇರಲಿಲ್ಲ. ಫೆಲೋಗಳು, ಅಂದರೆ ಕಾಲೇಜನ್ನು ನಡೆಸುವ ಅಲ್ಲಿನ ವಿದ್ವಾಂಸರು, ತಮ್ಮವರೇ ಆದ ಜಾನ್ ಹಫ್ ಅವರನ್ನು ಆರಿಸಿಕೊಂಡರು. ಆಮೇಲೆ ದೊರೆ ಆಕ್ಸ್‌ಫರ್ಡಿನ ಬಿಷಪ್ ಪಾರ್ಕರ್ ಹೆಸರು ಹೇಳಿದ, ಖುದ್ದಾಗಿ ಊರಿಗೇ ಬಂದು ಇವರನ್ನು ಕರೆಸಿ ಗದರಿಸಿದ, ಇವರು ಜಗ್ಗಲಿಲ್ಲ. ಹಫ್ ಬೀಗದ ಕೈ ಕೊಡಲಿಲ್ಲ. ಅಧ್ಯಕ್ಷರ ಮನೆ ಬಾಗಿಲು ಒಡೆಯಲು ಊರಿನಲ್ಲಿ ಒಬ್ಬ ಕಮ್ಮಾರನೂ ಮುಂದೆ ಬರಲಿಲ್ಲವಂತೆ! ಕೊನೆಗೆ ದೊರೆಯ ಕಡೆಯವರ ಆಳುಗಳೇ ಒಡೆದರು. 25 ಫೆಲೋಗಳನ್ನು ಹೊರಗೆ ಹಾಕಿದರು. ಮರುವರ್ಷ, ದೊರೆಯ ಸಿಂಹಾಸನವೇ ಅಲ್ಲಾಡತೊಡಗಿದಾಗ, 1688ರ ಅಕ್ಟೋಬರ್ 25ರಂದು ಅವರನ್ನು ವಾಪಸು ಸೇರಿಸಿಕೊಳ್ಳಬೇಕಾಯಿತು. ಆ ದಿನವನ್ನು ಕಾಲೇಜು ಇಂದಿಗೂ ನೆನೆಯುತ್ತದೆ.

ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲಿ ಬಾಗಿಲು ತೆರೆದದ್ದು 1979ರಲ್ಲಿ. ಅಷ್ಟು ತಡ ಮಾಡಿದ್ದು ಸರಿಯಲ್ಲ.

ಮಗಳ ಮನೆಗೆ ಹೋಗಿದ್ದಾಗ ಒಂದು ಮೇ 1ರ ಬೆಳಿಗ್ಗೆ ನಾನು ಅಲ್ಲಿನ ಸೇತುವೆ ಮೇಲೆ ನಿಂತಿದ್ದೆ. ಚಳಿ, ಕಾಲಿಡಲು ಜಾಗವಿಲ್ಲದಷ್ಟು ಜನ, ತಲೆಗೆ ಹೂವಿನ ಬಳ್ಳಿ ಸುತ್ತಿಕೊಂಡ ಹುಡುಗಿಯರು. ಪ್ರತಿ ವರ್ಷ ಆ ಬೆಳಿಗ್ಗೆ ಕಾಲೇಜಿನ ಗೋಪುರದ ಮೇಲಿಂದ ಹಾಡುವ ವಾಡಿಕೆ ಇದೆ; 1509ರಲ್ಲಿ ಮುಗಿದ ಗೋಪುರ ಅದು. ಸರಿಯಾಗಿ ಆರು ಗಂಟೆಗೆ ಜನ ಗಪ್ಪಾದರು. ಗೋಪುರದ ತುದಿಯಿಂದ ಹುಡುಗರ ದನಿ, ಲ್ಯಾಟಿನ್ ಹಾಡು, ಗಾಳಿಗೆ ಒಮ್ಮೆ ಕೇಳುತ್ತದೆ, ಒಮ್ಮೆ ಇಲ್ಲ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ತೋಳು ಮುಟ್ಟಿ ಮೇಲೆ ತೋರಿಸಿದರು. ಅಷ್ಟು ಎತ್ತರದಲ್ಲಿ ಬಿಳಿ ನಿಲುವಂಗಿಗಳು ಚುಕ್ಕಿಗಳ ಹಾಗೆ ಕಂಡವು. ಹಾಡು ಮುಗಿದ ಮೇಲೆ ಗಂಟೆಗಳು ಶುರುವಾದವು.

ಕಾರ್ನಾಡರೂ ಇದನ್ನು ಕೇಳಿರಬಹುದು ಅನ್ನಿಸಿ ಮೈ ಜುಮ್ಮೆಂದಿತು. ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿದವರು, 1960ರಿಂದ 63ರವರೆಗೆ ಆಕ್ಸ್‌ಫರ್ಡಿನಲ್ಲಿದ್ದರು. ಇಲ್ಲಿ ಮನೋಹರ ಗ್ರಂಥಮಾಲೆಯಿಂದ ‘ಯಯಾತಿ’ ಅಚ್ಚಾಗಿ ಬಂದದ್ದು ಅದೇ ದಿನಗಳಲ್ಲಿ, 1961ರಲ್ಲಿ.

ಮೇ 19 ಅವರ ಹುಟ್ಟಿದ ದಿನ. ಆ ದಿನ ನೀವು ಹಾಕುವ ಲೇಖನದಲ್ಲಾದರೂ ಮಾಡ್ಲಿನ್ ಎಂದು ಇರಲಿ.

ಇತಿ,
ಧಾರವಾಡದ ಒಬ್ಬ ಓದುಗ